ಕರೆಯೋ, ಬರಿಯ ಚಡಪಡಿಕೆಯೋ: ಮ್ಯಾಕ್ರೊಫೇಜ್ ಸ್ರಾವ ಮತ್ತು ಕ್ಯಾನ್ಸರ್ ಕೋಶಗಳ ಚಲನೆಯ ಬಗ್ಗೆ ನನ್ನ ಅನುಭವ

ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಪಿಎಚ್.ಡಿ.ಗೆ ಸೇರಿದಾಗ ನಾನು ಕೈಗೆತ್ತಿಕೊಂಡ ಪ್ರಶ್ನೆ ಕೇಳುವುದಕ್ಕೆ ಸರಳವಾಗಿತ್ತು. ರೋಗಾಣುಗಳನ್ನು ನುಂಗಿ ದೇಹವನ್ನು ಕಾಯಬೇಕಾದ ಮ್ಯಾಕ್ರೊಫೇಜ್ ಕೋಶಗಳು ಗಡ್ಡೆಯೊಳಗೆ ಬೀಡುಬಿಟ್ಟಾಗ, ಅವು ಸ್ರವಿಸುವ ರಾಸಾಯನಿಕಗಳಿಗೆ ಸ್ತನ ಕ್ಯಾನ್ಸರ್ ಕೋಶಗಳು ಹೇಗೆ ಓಗೊಡುತ್ತವೆ? ಬಿಳಿ ರಕ್ತಕಣಗಳು ದಾರಿ ಹಿಡಿಯಲು ಬಳಸುವ ಸಿಎಕ್ಸ್‌ಸಿಆರ್4 ಎಂಬ ಗ್ರಾಹಕವು (ಕೋಶದ ಮೈಮೇಲಿದ್ದು ಸಂಕೇತಗಳನ್ನು ಹಿಡಿಯುವ ಪ್ರೋಟೀನ್) ಸ್ತನ ಕ್ಯಾನ್ಸರ್ ಕೋಶಗಳ ಮೇಲೂ ಇದ್ದು, ಅವು ದೂರದ ಅಂಗಗಳನ್ನು ಸೇರಲು ನೆರವಾಗುತ್ತದೆ ಎಂಬುದು 2001ರಲ್ಲೇ ಪ್ರಕಟವಾಗಿತ್ತು. ಆದ್ದರಿಂದ ರೋಗನಿರೋಧಕ ವ್ಯವಸ್ಥೆಯ ಸಂಕೇತಗಳನ್ನು ಕ್ಯಾನ್ಸರ್ ಕೋಶ ಓದಬಲ್ಲದು ಎಂಬುದರಲ್ಲಿ ನನಗೆ ಸಂದೇಹವಿರಲಿಲ್ಲ. ಓದಿ ಏನು ಮಾಡುತ್ತದೆ ಎಂಬುದನ್ನು ನೋಡಬೇಕಿತ್ತು.

ಕ್ಯಾನ್ಸರ್ ಕೋಶಗಳಾಗಿ ಎಂಡಿಎ-ಎಂಬಿ-231 ಎಂಬ, ಪ್ರಯೋಗಾಲಯದಲ್ಲಿ ಸತತವಾಗಿ ಬೆಳೆಸುವ ಕೋಶಸಂತತಿಯನ್ನೂ, ಮ್ಯಾಕ್ರೊಫೇಜ್‌ಗಳಿಗಾಗಿ ಟಿಎಚ್‌ಪಿ-1 ಎಂಬ ಮಾನೊಸೈಟ್ (ಮ್ಯಾಕ್ರೊಫೇಜ್ ಆಗಿ ಬದಲಾಗಬಲ್ಲ ಬಿಳಿ ರಕ್ತಕಣ) ಸಂತತಿಯನ್ನೂ ಬಳಸಿದೆ. ಚಲನೆಯನ್ನು ಅಳೆಯಲು ಸ್ಟೀಫನ್ ಬಾಯ್ಡನ್ 1962ರಲ್ಲಿ ವಿವರಿಸಿದ ಉಪಕರಣದ ಇಂದಿನ ರೂಪವಾದ ಟ್ರಾನ್ಸ್‌ವೆಲ್ ಸಾಕಾಗಿತ್ತು. ಅದರಲ್ಲಿ 8 ಮೈಕ್ರಾನ್ ರಂಧ್ರಗಳ ಪೊರೆಯ ಮೇಲೆ ಸೀರಮ್ ಇಲ್ಲದ ದ್ರವದಲ್ಲಿ ಕ್ಯಾನ್ಸರ್ ಕೋಶಗಳನ್ನು ಹಾಕಿ, ಕೆಳಗಿನ ವೆಲ್ ಎಂಬ ಪುಟ್ಟ ಗುಂಡಿಯಲ್ಲಿ ಮ್ಯಾಕ್ರೊಫೇಜ್‌ಗಳು ಬೆಳೆದ ದ್ರವವನ್ನು ತುಂಬುತ್ತೇವೆ. 16 ಗಂಟೆಗಳ ನಂತರ ಪೊರೆಯ ಮೇಲ್ಭಾಗವನ್ನು ಹತ್ತಿಯ ಕಡ್ಡಿಯಿಂದ ಒರೆಸಿ, ಅಡಿಭಾಗಕ್ಕೆ ದಾಟಿದ ಕೋಶಗಳಿಗೆ ಕ್ರಿಸ್ಟಲ್ ವಯೊಲೆಟ್ ಬಣ್ಣ ಹಾಕಿ ಎಣಿಸುತ್ತೇವೆ. ಅವಧಿಯನ್ನು ಇನ್ನೂ ಹಿಗ್ಗಿಸಿದರೆ ಕೋಶಗಳು ವಿಭಜನೆಗೊಂಡು, ಹೆಚ್ಚಿದ ಸಂಖ್ಯೆಯನ್ನೇ ಹೆಚ್ಚಿದ ಚಲನೆಯೆಂದು ನಂಬುವ ಅಪಾಯವಿದೆ.

ಮೊದಲ ಫಲಿತಾಂಶ ಬೆರಗುಗೊಳಿಸುವಂತಿತ್ತು. ಪೊರೆಯ ಅಡಿ ನೇರಳೆ ಬಣ್ಣದಿಂದ ತುಂಬಿಹೋಗಿತ್ತು. ಅದನ್ನು ನಂಬಿಕೊಂಡು ನಾನು ಮೂರು ತಿಂಗಳು ಮುಂದುವರಿದೆ. ಟಿಎಚ್‌ಪಿ-1 ಕೋಶಗಳು ಮ್ಯಾಕ್ರೊಫೇಜ್‌ಗಳಾಗಿ ತಳಕ್ಕೆ ಅಂಟಿಕೊಳ್ಳಲು ಪಿಎಂಎ ಎಂಬ ರಾಸಾಯನಿಕವನ್ನು ಕೊಡಬೇಕಾಗುತ್ತದೆ, ಮತ್ತು ಈ ಪಿಎಂಎ ಪ್ರೋಟೀನ್ ಕೈನೇಸ್ ಸಿ ಎಂಬ ಕಿಣ್ವವನ್ನು ಕೆರಳಿಸಿ ತಾನೇ ಕೋಶಗಳ ಚಲನೆಯನ್ನು ಹೆಚ್ಚಿಸಬಲ್ಲದು. ಒಂದು ದಿನ, ಕೋಶಗಳೇ ಇಲ್ಲದ ವೆಲ್‌ಗೂ ಪಿಎಂಎ ಹಾಕಿ, ಎಂದಿನಂತೆ ಒಮ್ಮೆ ತೊಳೆದು, ಆ ದ್ರವವನ್ನೂ ಪರೀಕ್ಷಿಸಿದೆ. ಅಲ್ಲಿಯೂ ಕ್ಯಾನ್ಸರ್ ಕೋಶಗಳು ಗಣನೀಯವಾಗಿ ದಾಟಿದ್ದವು. ಮ್ಯಾಕ್ರೊಫೇಜ್‌ನ ಮಾತೆಂದು ನಾನು ಬರೆದಿಟ್ಟಿದ್ದರಲ್ಲಿ ಒಂದು ಪಾಲು ಪಿಎಂಎಯ ಉಳಿಕೆಯದಾಗಿತ್ತು. ಆ ಪುಟಗಳನ್ನೆಲ್ಲ ಬದಿಗಿಟ್ಟು, ಮೂರು ಬಾರಿ ತೊಳೆದು, ಪಿಎಂಎ ಇಲ್ಲದ ದ್ರವದಲ್ಲಿ ಕೋಶಗಳಿಗೆ ಒಂದು ಪೂರ್ತಿ ದಿನ ವಿಶ್ರಾಂತಿ ಕೊಟ್ಟು, ಆ ದ್ರವವನ್ನೂ ಚೆಲ್ಲಿ, ಅನಂತರವೇ ಸ್ರಾವವನ್ನು ಸಂಗ್ರಹಿಸುವ ಕ್ರಮಕ್ಕೆ ಬಂದೆ. ಪರಿಣಾಮ ಕಡಿಮೆಯಾಯಿತು, ಆದರೆ ಅಳಿಯಲಿಲ್ಲ. ನನಗೆ ನಿಜವಾದ ಸಂತೋಷ ಆದದ್ದು ಆಗ.

ಕೋಶಗಳು ದಾಟಿದವು ಎಂದ ಮಾತ್ರಕ್ಕೆ ಅವು ಕರೆಗೆ ಓಗೊಟ್ಟವು ಎಂದಾಗುವುದಿಲ್ಲ. ದಿಕ್ಕಿಲ್ಲದೆ ಚಡಪಡಿಸುವ ಕೋಶಗಳಲ್ಲಿಯೂ ಕೆಲವು ರಂಧ್ರಕ್ಕೆ ಬೀಳುತ್ತವೆ. ಈ ಎರಡನ್ನು ಬೇರ್ಪಡಿಸಲು 1973ರಿಂದ ಬಳಕೆಯಲ್ಲಿರುವ ಚದುರಂಗದ ಮಣೆಯಂಥ ಜೋಡಣೆಯನ್ನು ಅನುಸರಿಸಿ, ಸ್ರಾವವನ್ನು ಕೆಳಗೆ ಮಾತ್ರ, ಮೇಲೆ ಮಾತ್ರ, ಎರಡೂ ಕಡೆ ಸಮನಾಗಿ, ಹೀಗೆ ಬೇರೆ ಬೇರೆ ಸಾರತೆಗಳಲ್ಲಿ ಇಟ್ಟು ನೋಡಿದೆ. ಎರಡೂ ಕಡೆ ಸಮನಾಗಿದ್ದಾಗಲೂ ದಾಟುವಿಕೆ ಸಾಮಾನ್ಯಕ್ಕಿಂತ ಹೆಚ್ಚೇ ಇತ್ತು, ಕೆಳಗೆ ಮಾತ್ರ ಇದ್ದಾಗ ಅದಕ್ಕಿಂತಲೂ ಹೆಚ್ಚು. ಅಂದರೆ ಅದೇ ಸ್ರಾವದಲ್ಲಿ ಕರೆಯೂ ಇತ್ತು, ಕೆರಳಿಕೆಯೂ ಇತ್ತು. ಬಹಳ ಲೇಖನಗಳಲ್ಲಿ ಈ ಪರೀಕ್ಷೆಯೇ ಇರುವುದಿಲ್ಲ. ಅದು ಬೇಸರದ ಕೆಲಸವೆಂಬುದು ನಿಜ, ಆದರೆ ಅದಿಲ್ಲದೆ 'ಆಕರ್ಷಿಸುತ್ತದೆ' ಎಂಬ ಪದವನ್ನು ಬಳಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನೊಂದು ತೊಡಕು ಉಳಿದಿತ್ತು. ನ್ಯೂಯಾರ್ಕಿನಲ್ಲಿ ಜಾನ್ ಕಂಡೀಲಿಸ್, ಜೆಫ್ರಿ ಪೊಲಾರ್ಡ್ ಮತ್ತು ಅವರ ಸಹೋದ್ಯೋಗಿಗಳು 2004-05ರಲ್ಲಿ ತೋರಿಸಿದಂತೆ, ಕ್ಯಾನ್ಸರ್ ಕೋಶ ಸಿಎಸ್‌ಎಫ್-1 ಎಂಬ ಸಂಕೇತ ಪ್ರೋಟೀನನ್ನು ಸ್ರವಿಸಿ ಮ್ಯಾಕ್ರೊಫೇಜ್‌ ಅನ್ನು ಕರೆಯುತ್ತದೆ, ಮ್ಯಾಕ್ರೊಫೇಜ್ ಇಜಿಎಫ್ ಎಂಬ ಇನ್ನೊಂದು ಸಂಕೇತ ಪ್ರೋಟೀನನ್ನು ಸ್ರವಿಸಿ ಕ್ಯಾನ್ಸರ್ ಕೋಶವನ್ನು ಕರೆಯುತ್ತದೆ. ಆದರೆ ಇಜಿಎಫ್ ಗ್ರಾಹಕವನ್ನು ತಡೆಯುವ ಎರ್ಲೋಟಿನಿಬ್ ಎಂಬ ಔಷಧ ನನ್ನ ಪ್ರಯೋಗದಲ್ಲಿ ಅಲ್ಪಸ್ವಲ್ಪ ಮಾತ್ರ ಕೆಲಸ ಮಾಡಿತ್ತು. ಕಾರಣ ಹೊಳೆಯಲು ತಡವಾಯಿತು: ನಾನು ಸಂಗ್ರಹಿಸಿದ್ದು ಕ್ಯಾನ್ಸರ್ ಕೋಶದ ಮುಖವನ್ನೇ ಕಾಣದ ಮ್ಯಾಕ್ರೊಫೇಜ್‌ಗಳ ಸ್ರಾವ, ಸಂಭಾಷಣೆಯ ಒಂದು ಬದಿಯನ್ನು ಮಾತ್ರ ಸೀಸೆಯಲ್ಲಿ ತುಂಬಿಟ್ಟಂತೆ. ಆಮೇಲೆ ಎರಡು ಬಗೆಯ ಕೋಶಗಳನ್ನೂ ಗಾಜಿನ ತಳದ ಡಿಷ್‌ನಲ್ಲಿ ಒಟ್ಟಿಗೆ ಬೆಳೆಸಿ, ಮೇಲೆ ಕೊಲಾಜೆನ್ ಜೆಲ್ ಹೊದಿಸಿ, ಜೆಲ್‌ನೊಳಗೆ 20 ಮೈಕ್ರಾನ್‌ಗಿಂತ ಮೇಲೇರಿದ ಕ್ಯಾನ್ಸರ್ ಕೋಶಗಳನ್ನು ಕಾನ್ಫೋಕಲ್ ಸೂಕ್ಷ್ಮದರ್ಶಕದಲ್ಲಿ ಎಣಿಸತೊಡಗಿದೆ. ಅಲ್ಲಿ ಎರ್ಲೋಟಿನಿಬ್ ಹಾಕಿದ ಡಿಷ್‌ನಲ್ಲೂ, ಸಿಎಸ್‌ಎಫ್-1 ಗ್ರಾಹಕಕ್ಕೆ ತಡೆ ಒಡ್ಡಿದ ಡಿಷ್‌ನಲ್ಲೂ ಮೇಲೇರುವಿಕೆ ಸ್ಪಷ್ಟವಾಗಿ ಕುಸಿಯಿತು. ಈಗ ಯಾವುದೇ ಸೈಟೊಕೈನ್‌ನ (ಕೋಶಗಳು ಪರಸ್ಪರ ಕಳುಹಿಸುವ ಇಂಥ ಸಂಕೇತ ಪ್ರೋಟೀನಿನ) ಪ್ರಶ್ನೆ ಬಂದರೂ ಸೀಸೆಯ ಸ್ರಾವದ ಪಕ್ಕದಲ್ಲಿ ಇಂಥದೊಂದು ಒಟ್ಟುಬೆಳೆಯ ಡಿಷ್ ಅನ್ನೂ ಅದೇ ದಿನ ಸಿದ್ಧಪಡಿಸುತ್ತೇನೆ.