ಸೊನ್ನೆಯನ್ನೂ ಬರೆದಿಟ್ಟ ಎಂಟು ದಿನ

ಕಲಬುರಗಿಯಿಂದ ಯಾವ ದಿಕ್ಕಿಗೆ ಹೊರಟರೂ ಕಡಲಿಗೆ ಒಂದು ರಾತ್ರಿಯ ಪ್ರಯಾಣ. ನಾನು ಮೊದಲ ಸಲ ಕಡಲನ್ನು ಕಂಡದ್ದು ಮದುವೆಯಾದ ಮೇಲೆ, ಗೋಕರ್ಣದಲ್ಲಿ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದೆ. ತಿಮಿಂಗಿಲ ಮೀನಲ್ಲ, ಶ್ವಾಸಕೋಶದಿಂದ ಉಸಿರಾಡಿ ಮರಿಗೆ ಹಾಲೂಡಿಸುವ ಸಸ್ತನಿ ಎಂದು ಎಷ್ಟು ತರಗತಿಗಳಿಗೆ ಹೇಳಿದೆನೋ ಲೆಕ್ಕವಿಲ್ಲ. ಅದು ಉಸಿರು ಬಿಡುವ ಸದ್ದನ್ನು ಮಾತ್ರ ಕೇಳಿರಲಿಲ್ಲ. ಕೇಳಿದ್ದು ನಿವೃತ್ತಿಯ ಎರಡನೆಯ ವರ್ಷ, 2023ರ ಆಗಸ್ಟ್‌ನಲ್ಲಿ. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಚದುರಿಕೊಂಡಿರುವ ಹೆಬ್ರಿಡೀಸ್ ದ್ವೀಪಗಳ ನಡುವೆ, ಒಂದು ಸಂಶೋಧನಾ ಹಾಯಿದೋಣಿಯ ಮೇಲೆ, ಎಂಟು ದಿನ ಸ್ವಯಂಸೇವಕಿಯಾಗಿದ್ದಾಗ.

ಬಂದ ಮೇಲೆ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ತಿಮಿಂಗಿಲ ನೋಡಿದಿರಿ ಮೇಡಂ?" ನಾಲ್ಕು ಎಂದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ನಮ್ಮ ಕೆಲಸ ಕಡಲನ್ನು ನೋಡುವುದಾಗಿತ್ತು; ತಿಮಿಂಗಿಲ ಇದ್ದರೆ ಇದೆ ಎಂದು, ಕಾಣದಿದ್ದರೆ ಕಾಣಲಿಲ್ಲ ಎಂದು ಬರೆಯುವುದು. ಇದನ್ನು ಬಾಯಲ್ಲಿ ವಿವರಿಸಿ ಸಾಕಾಗಿ ಈಗ ಬರೆಯುತ್ತಿದ್ದೇನೆ.

ಮಗಳು ಗ್ಲಾಸ್ಗೋ ನಗರದ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಾಳೆ. ತಿಮಿಂಗಿಲ ಮತ್ತು ಡಾಲ್ಫಿನ್‌ಗಳ ಸಮೀಕ್ಷೆ ನಡೆಸುವ ದತ್ತಿ ಸಂಸ್ಥೆಯೊಂದು ಸ್ವಯಂಸೇವಕರನ್ನು ಕರೆದಿದೆ ಎಂದು ಅವಳೇ ಫೋನ್ ಮಾಡಿದಳು. "ಅವ್ವ, ನೀನು ಬೋನಾಳ ಕೆರೆಯಲ್ಲಿ ಹಕ್ಕಿ ಎಣಿಸುತ್ತೀಯಲ್ಲ, ಇದೂ ಅಂಥದ್ದೇ." ಯಾದಗಿರಿ ಜಿಲ್ಲೆಯ ಸುರಪುರದ ಹತ್ತಿರವಿರುವ ಬೋನಾಳ ಪಕ್ಷಿಧಾಮಕ್ಕೆ ನಾನು ಪ್ರತಿ ಚಳಿಗಾಲ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ದುರ್ಬೀನು ಹಿಡಿದು ಗಂಟೆಗಟ್ಟಲೆ ಕೂರುವುದು ರೂಢಿಯಿತ್ತು. ಈಜು ಬರುತ್ತಿರಲಿಲ್ಲ, ಅದನ್ನು ಅರ್ಜಿಯಲ್ಲೇ ಬರೆದೆ, ಅಡ್ಡಿಯಾಗಲಿಲ್ಲ. ಡೆಕ್ಕಿನ ಮೇಲೆ ಲೈಫ್ ಜಾಕೆಟ್ ಬಿಚ್ಚುವಂತಿಲ್ಲ, ಅಷ್ಟೇ.

ಇಂಥ ಕಡೆ ಸ್ವಯಂಸೇವಕರೇ ಹಣ ಕೊಡಬೇಕು. ದೋಣಿಯ ಇಂಧನ, ಊಟ, ಉಪಕರಣ, ವಿಜ್ಞಾನಿಯ ಸಂಬಳ ಎಲ್ಲವೂ ಬಹುಪಾಲು ಅದರಿಂದಲೇ ನಡೆಯುತ್ತದೆ. ನನ್ನ ಮೂರು ತಿಂಗಳ ಪಿಂಚಣಿಗೂ ಮಿಕ್ಕಿ ಖರ್ಚಾಯಿತು. ವೀಸಾಕ್ಕೆ ಹೈದರಾಬಾದಿಗೆ ಹೋಗಿಬಂದೆ. ಬ್ರಿಟನ್ನಿನ ಸಂದರ್ಶಕ ವೀಸಾದಲ್ಲಿ ನೋಂದಾಯಿತ ದತ್ತಿ ಸಂಸ್ಥೆಗೆ 30 ದಿನಗಳವರೆಗೆ ಸ್ವಯಂಸೇವೆ ಮಾಡಲು ಅವಕಾಶವಿದೆ, ಆದರೆ ಅದೇ ಪ್ರವಾಸದ ಮುಖ್ಯ ಉದ್ದೇಶವಾಗಿರಬಾರದು. ನಾನು ಹೊರಟದ್ದು ಮಗಳ ಮನೆಗೆ, ನಡುವೆ ಎಂಟು ದಿನ ಕಡಲಿಗೆ. ಅದನ್ನು ಹಾಗೆಯೇ ತಿಳಿಸಿದೆ.

ಗ್ಲಾಸ್ಗೋದಿಂದ ಓಬನ್ ಎಂಬ ಬಂದರು ಊರಿಗೆ ರೈಲಿನಲ್ಲಿ ಮೂರು ಗಂಟೆ, ಅಲ್ಲಿಂದ ಹಡಗಿನಲ್ಲಿ ಮಲ್ ದ್ವೀಪಕ್ಕೆ, ಮತ್ತೆ ಬಸ್ಸಿನಲ್ಲಿ ಟೋಬರ್ಮೋರಿಗೆ. ದಂಡೆಯುದ್ದಕ್ಕೂ ಕೆಂಪು, ಹಳದಿ, ನೀಲಿ ಬಣ್ಣದ ಮನೆಗಳ ಸಾಲು. ಎರಡು ಕಂಬಗಳ ಹಾಯಿದೋಣಿ ಕಾದಿತ್ತು. ಆರು ಜನ ಸ್ವಯಂಸೇವಕರು, ನಾವಿಕ, ಅವರ ಸಹಾಯಕ, ಒಬ್ಬ ಯುವ ವಿಜ್ಞಾನಿ. ಆ ವಿಜ್ಞಾನಿಗೆ ನನ್ನ ಮಗಳಷ್ಟೇ ವಯಸ್ಸು. ಒಳಗೆ ನನ್ನ ಪಾಲಿಗೆ ಬಂದದ್ದು ರೈಲಿನ ಮೇಲಿನ ಬರ್ತಿನಷ್ಟು ಜಾಗ.

ಮೊದಲ ಅರ್ಧ ದಿನ ತರಬೇತಿ. ಮುಂದಿನ ಕಂಬದ ಬಳಿ ಇಬ್ಬರು ನಿಲ್ಲುತ್ತಾರೆ. ದೋಣಿಯ ಮೂತಿಯನ್ನು ಸೊನ್ನೆ ಡಿಗ್ರಿ ಎಂದುಕೊಂಡರೆ, ಎಡಗಡೆ ನಿಂತವರು ಎಡದ 90 ಡಿಗ್ರಿಯವರೆಗೆ, ಬಲಗಡೆಯವರು ಬಲದ 90 ಡಿಗ್ರಿಯವರೆಗೆ ಬರಿಗಣ್ಣಿನಿಂದ ನಿಧಾನವಾಗಿ ಗುಡಿಸಿದಂತೆ ನೋಡಬೇಕು. ಏನಾದರೂ ಕಂಡರೆ ಕೂಗಿ ಹೇಳಬೇಕು: ಯಾವ ಪ್ರಾಣಿ, ಎಷ್ಟು, ಯಾವ ಕೋನದಲ್ಲಿ, ಎಷ್ಟು ದೂರ, ಯಾವ ಕಡೆ ಮುಖ, ಏನು ಮಾಡುತ್ತಿದೆ. ಒಳಗೆ ಕಂಪ್ಯೂಟರಿನ ಮುಂದೆ ಕುಳಿತ ಮೂರನೆಯವರು ಅದನ್ನು ದಾಖಲಿಸುತ್ತಾರೆ. ಸಮಯ ಮತ್ತು ಸ್ಥಳವನ್ನು ಜಿಪಿಎಸ್ ತಾನೇ ಬರೆದುಕೊಳ್ಳುತ್ತದೆ. ದೂರವನ್ನು ಅಳೆಯಲು ದುರ್ಬೀನಿನ ಗಾಜಿನಲ್ಲೇ ಗೆರೆಗಳಿರುತ್ತವೆ; ದಿಗಂತದಿಂದ ಎಷ್ಟು ಗೆರೆ ಕೆಳಗೆ ಪ್ರಾಣಿ ಇದೆ ಎಂದು ಎಣಿಸಬೇಕು. ದೂರಕ್ಕೆ ಇಷ್ಟೇಕೆ ಮಹತ್ವ ಎಂದು ಕೇಳಿದೆ. ದೂರ ಹೆಚ್ಚಿದಂತೆ ಪ್ರಾಣಿ ಕಣ್ತಪ್ಪುವುದೂ ಹೆಚ್ಚು; ಯಾವ ದೂರದಲ್ಲಿ ಎಷ್ಟು ಕಂಡವು ಎಂಬುದರಿಂದಲೇ ಕಾಣದೆ ಉಳಿದವು ಎಷ್ಟಿರಬಹುದೆಂದು ಲೆಕ್ಕ ಕಟ್ಟುತ್ತಾರೆ. ಈ ಉತ್ತರ ಕೇಳಿದಾಗ ಮತ್ತೆ ಹತ್ತನೆಯ ತರಗತಿಯ ಬೆಂಚಿನಲ್ಲಿ ಕುಳಿತಷ್ಟು ಸಂತೋಷವಾಯಿತು.

ಹದಿನೈದು ನಿಮಿಷಕ್ಕೊಮ್ಮೆ ಗಾಳಿ, ಮೋಡ, ಅಲೆ, ಬಿಸಿಲಿನ ಪ್ರತಿಫಲನ ಎಲ್ಲವನ್ನೂ ಬರೆಯಬೇಕು. ಕಡಲಿನ ಸ್ಥಿತಿಗೆ ಬ್ಯೂಫೋರ್ಟ್ ಎಂಬ ಮಾಪನವಿದೆ. 0 ಎಂದರೆ ನೀರು ಕನ್ನಡಿ. 3ಕ್ಕೆ ಬಂದರೆ ಅಲ್ಲಲ್ಲಿ ಬಿಳಿ ನೊರೆ. ಪಾರ್ಪಸ್ ಎಂಬ, ಡಾಲ್ಫಿನ್ನಿನ ಚಿಕ್ಕ ಸಂಬಂಧಿಯನ್ನು ಕಾಣಬೇಕಾದರೆ 2ರ ಒಳಗೇ ಇರಬೇಕು. ಒಂದೂವರೆ ಮೀಟರ್ ಉದ್ದದ ಪ್ರಾಣಿ, ಬೆನ್ನಿನ ಮೇಲೆ ಅಂಗೈಯಗಲದ ತ್ರಿಕೋನ. ಒಂದು ಸಣ್ಣ ಅಲೆ ಸಾಕು, ಅದನ್ನು ಮರೆಮಾಡಲು. ಹಾಗಾಗಿ "ಏನೂ ಕಾಣಲಿಲ್ಲ" ಎಂಬ ಮಾತಿಗೆ ಆ ಹೊತ್ತಿನ ಅಲೆಯ ಅಂಕೆ ಜೊತೆಗಿದ್ದರಷ್ಟೇ ಅರ್ಥ.

ಎರಡನೆಯ ದಿನ ನಾನು ಕಂಬದ ಬಳಿ ನಿಂತ ಸರದಿಗಳಲ್ಲಿ ಏನೂ ಕಾಣಲಿಲ್ಲ. ಮೂರನೆಯ ದಿನ ಬೆಳಿಗ್ಗೆಯೂ ಇಲ್ಲ. ಆಗ ಅಪ್ಪ ನೆನಪಾದರು. ಸೇಡಂ ತಹಶೀಲ್ದಾರ್ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪನಿಗೆ ಮಳೆಮಾಪಕದ ಕೆಲಸವಿತ್ತು. ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಹೋಗಿ ನೋಡಿ ಬರೆಯಬೇಕು. ಭಾನುವಾರವೂ, ಹಬ್ಬದ ದಿನವೂ. ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲದ ಏಪ್ರಿಲ್‌ನಲ್ಲಿಯೂ ಹೋಗುತ್ತಿದ್ದರು. "ಮಳೆಯೇ ಬಂದಿಲ್ಲವಲ್ಲಪ್ಪ, ಇಲ್ಲೇ ಕುಳಿತು ಸೊನ್ನೆ ಬರೆದರಾಗದೇ?" ಎಂದು ಒಮ್ಮೆ ಕೇಳಿದ್ದೆ. "ನೋಡಿ ಬರೆದ ಸೊನ್ನೆ ಬೇರೆ, ನೋಡದೆ ಬರೆದ ಸೊನ್ನೆ ಬೇರೆ" ಎಂದಿದ್ದರು. 1972ರ ಬರಗಾಲದ ನಕಲು ಪುಸ್ತಕ ಅಣ್ಣನ ಮನೆಯಲ್ಲಿ ಇಂದಿಗೂ ಇದೆ. ಬಿತ್ತನೆಯ ತಿಂಗಳುಗಳಲ್ಲಿ ಸೊನ್ನೆಯ ಕೆಳಗೆ ಸೊನ್ನೆ, ಪ್ರತಿಯೊಂದರ ಮುಂದೆ ಅಪ್ಪನ ಸಹಿ. ಬರ ಬಂದಿತ್ತು ಎಂದು ಹೇಳಲು ಆ ಸೊನ್ನೆಗಳಲ್ಲದೆ ಬೇರೆ ಯಾವ ಅಂಕೆ ಬೇಕು? ಕಂಬಕ್ಕೆ ಒರಗಿ ಖಾಲಿ ನೀರನ್ನು ನೋಡುತ್ತಿದ್ದ ನನಗೆ ಆ ಮೇಲೆ ಬೇಸರ ಬರಲಿಲ್ಲ.

ಆದರೂ ತಪ್ಪು ಮಾಡಿದೆ. ಅದೇ ಮೂರನೆಯ ದಿನ ಮಧ್ಯಾಹ್ನ, ಅಲೆ 3ರಲ್ಲಿದ್ದಾಗ, ಬಲಗಡೆ ಸುಮಾರು 400 ಮೀಟರ್ ದೂರದಲ್ಲಿ ಕಪ್ಪಗೆ ಏನೋ ಹೊರಳಿತು. "ಮಿಂಕೆ ತಿಮಿಂಗಿಲ!" ಎಂದು ಕೂಗಿದೆ. ವಿಜ್ಞಾನಿ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು: "ಹೆಸರು ಬೇಡ, ನೋಡಿದ್ದನ್ನು ಹೇಳಿ. ಬೆನ್ನುರೆಕ್ಕೆ ಕಂಡಿತೇ? ಉಸಿರು? ಎಷ್ಟು ಸಲ ಮೇಲೆ ಬಂತು?" ಬೆನ್ನುರೆಕ್ಕೆ ಕಂಡಿರಲಿಲ್ಲ. ಒಂದೇ ಸಲ, ಒಂದು ಕ್ಷಣ, ಒಂದು ಕಪ್ಪು. ಇಷ್ಟು ದೂರ ಬಂದ ಮೇಲೆ ಕಾಣಲೇಬೇಕು ಎಂಬ ಆಸೆ ಉಳಿದದ್ದನ್ನು ತುಂಬಿಕೊಟ್ಟಿತ್ತು. "ಗುರುತಾಗದ ಪ್ರಾಣಿ, ಒಂದು" ಎಂದು ದಾಖಲಾಯಿತು. ಪ್ರಯೋಗಾಲಯದಲ್ಲಿ ಪುಸ್ತಕದ ಉತ್ತರ ನೋಡಿಕೊಂಡು ವೀಕ್ಷಣೆ ಬರೆದ ಎಷ್ಟೋ ಮಕ್ಕಳನ್ನು ನಾನು ಗದರಿಸಿದ್ದೇನೆ. ಆ ಸಂಜೆ ಅವರೆಲ್ಲ ನೆನಪಾದರು.

ದೋಣಿಯ ಹಿಂದೆ 100 ಮೀಟರ್ ಕೇಬಲ್ಲಿನ ತುದಿಯಲ್ಲಿ ಹೈಡ್ರೋಫೋನ್, ಅಂದರೆ ನೀರಿನೊಳಗಿನ ಮೈಕು ತೇಲುತ್ತಾ ಬರುತ್ತದೆ. ಸರದಿಯ ಪ್ರಕಾರ ಹೆಡ್‌ಫೋನ್ ಹಾಕಿಕೊಂಡು ಅಲೆ, ಎಂಜಿನ್, ಸಿಳ್ಳೆ, ಟಿಕ್‌ಟಿಕ್ ಸದ್ದುಗಳು ಎಷ್ಟು ಜೋರಾಗಿವೆ ಎಂದು ಅಂಕೆ ಕೊಡಬೇಕು. ಡಾಲ್ಫಿನ್ನಿನ ಸಿಳ್ಳೆ ನಮ್ಮ ಕಿವಿಗೆ ಕೇಳುತ್ತದೆ. ಪಾರ್ಪಸ್ ಹೊರಡಿಸುವ ಸದ್ದು ಸುಮಾರು 130 ಕಿಲೋಹರ್ಟ್ಸ್. ಮನುಷ್ಯನ ಕಿವಿ 20ರ ಆಚೆ ಏನನ್ನೂ ಕೇಳದು. ಅದನ್ನು ಕಂಪ್ಯೂಟರ್ ಪರದೆಯ ಮೇಲೆ ಚುಕ್ಕಿಗಳಾಗಿ ನೋಡಬೇಕು. ಕಂಬದ ಬಳಿ ನಿಂತ ಇಬ್ಬರೂ "ಏನೂ ಇಲ್ಲ" ಎನ್ನುತ್ತಿದ್ದ ಹೊತ್ತಿನಲ್ಲೇ ಪರದೆಯ ಮೇಲೆ ಚುಕ್ಕಿಗಳ ಸಾಲು ಮೂಡಿ ಮರೆಯಾಯಿತು. ನಮ್ಮ ಅಡಿಯಲ್ಲೇ ಎಲ್ಲೋ ಒಂದು ಪ್ರಾಣಿ ಸದ್ದಿನಿಂದ ದಾರಿ ಹುಡುಕುತ್ತಾ ಹಾದುಹೋಗಿತ್ತು. ಹಡಗುಗಳ ಎಂಜಿನ್ ಸದ್ದೋ, ಹಡಗು ಕಣ್ಣಿಗೆ ಬೀಳುವ ಮೊದಲೇ ಕಿವಿ ತುಂಬುತ್ತಿತ್ತು. ಕಿವಿಯಿಂದ ಬದುಕುವ ಜೀವಕ್ಕೆ ಅದು ಏನಾಗಿರಬಹುದು ಎಂದು ಯೋಚಿಸಿದರೆ ಈಗಲೂ ಸಂಕಟವಾಗುತ್ತದೆ.

ಮಿಂಕೆ ಕಂಡದ್ದು ಐದನೆಯ ದಿನ, ಕೋಲ್ ದ್ವೀಪದ ಉತ್ತರಕ್ಕೆ. ಗಾಳಿ ಬಿದ್ದು ನೀರು ಎಣ್ಣೆಯಂತೆ ನಿಂತಿತ್ತು. ಮೊದಲು ಹಕ್ಕಿಗಳು. ಗ್ಯಾನೆಟ್ ಎಂಬ ದೊಡ್ಡ ಬಿಳಿ ಕಡಲಹಕ್ಕಿಗಳು ರೆಕ್ಕೆ ಮಡಚಿ ಎಸೆದ ಭರ್ಚಿಯಂತೆ ನೀರಿಗೆ ಬೀಳುತ್ತಿದ್ದವು. ಅಂದರೆ ಕೆಳಗೆ ಮೀನಿನ ಹಿಂಡಿದೆ. ಎಲ್ಲರೂ ಮಾತು ನಿಲ್ಲಿಸಿದರು. ಆಗ ಕೇಳಿಸಿತು, ಕಾಣುವ ಮೊದಲೇ: ರಾತ್ರಿ ಕೊಟ್ಟಿಗೆಯಲ್ಲಿ ಎಮ್ಮೆ ಬಿಡುವ ನಿಟ್ಟುಸಿರಿನಂತೆ, ಅದರ ಹತ್ತು ಪಟ್ಟು. ಕಪ್ಪು ಬೆನ್ನು ಮೇಲೆದ್ದು, ಉರುಳುತ್ತಾ ಉರುಳುತ್ತಾ ಮುಗಿಯುವುದೇ ಇಲ್ಲವೇನೋ ಎನ್ನುವಷ್ಟು ಹೊತ್ತಾದ ಮೇಲೆ ಕುಡುಗೋಲಿನಂತೆ ಬಾಗಿದ ಸಣ್ಣ ಬೆನ್ನುರೆಕ್ಕೆ ಬಂತು. ಕೋನ ಎಡಕ್ಕೆ 35, ದೂರ 250 ಮೀಟರ್. ಈ ಸಲ ನನ್ನ ಗಂಟಲು ಕಟ್ಟಿತ್ತು, ಆದರೆ ಅಂಕೆಗಳನ್ನು ಸರಿಯಾಗಿ ಹೇಳಿದೆ. ಮಿಂಕೆ ಎಂಟು ಮೀಟರ್‌ನ ಆಸುಪಾಸಿನ ಪ್ರಾಣಿ, ತಿಮಿಂಗಿಲಗಳಲ್ಲಿ ಚಿಕ್ಕದು. ಬಾಲವನ್ನು ನೀರಿನ ಮೇಲೆ ಎತ್ತಿ ತೋರಿಸುವುದಿಲ್ಲ. ನಾಲ್ಕು ಸಲ ಉಸಿರಾಡಿ ಮುಳುಗಿತು. ಏಳು ನಿಮಿಷ ಕಾದೆವು. ಮತ್ತೆ ಎದ್ದದ್ದು ದೋಣಿಯ ಇನ್ನೊಂದು ಬದಿಗೆ, ಹತ್ತಿರದಲ್ಲಿ. ಕೊಳೆತ ಮೀನಿನ ನಾತ ನಮ್ಮ ಮೇಲೆ ಹಾದುಹೋಯಿತು. ಆ ನಾತವನ್ನು ನಾನು ಮರೆಯಲಾರೆ, ಮರೆಯಲೂ ಬಾರದು. ಬೆನ್ನುರೆಕ್ಕೆಯ ಕಚ್ಚುಗಳಿಂದ ಒಂದೊಂದನ್ನೂ ಗುರುತಿಸಬಹುದಾದ್ದರಿಂದ ಎರಡೂ ಬದಿಯ ಫೋಟೋ ತೆಗೆದರು.

ಆ ರಾತ್ರಿ ಕ್ಯಾನಾ ದ್ವೀಪದ ಮರೆಯಲ್ಲಿ ಲಂಗರು ಹಾಕಿದಾಗ ವಿಜ್ಞಾನಿ ಇಲ್ಲಿನ ಓರ್ಕಾಗಳ, ಅಂದರೆ ಕೊಲೆಗಾರ ತಿಮಿಂಗಿಲಗಳ, ಕಥೆ ಹೇಳಿದಳು. ಪಶ್ಚಿಮ ಕರಾವಳಿಯ ಈ ಸಣ್ಣ ಗುಂಪಿನಲ್ಲಿ ಅಧ್ಯಯನ ಶುರುವಾದಾಗಿನಿಂದ ಒಂದು ಮರಿಯೂ ದಾಖಲಾಗಿಲ್ಲ. ಲುಲು ಎಂಬ ಹೆಣ್ಣು 2016ರ ಜನವರಿಯಲ್ಲಿ ಟೈರೀ ದ್ವೀಪದ ದಂಡೆಯಲ್ಲಿ ಸತ್ತು ಬಿದ್ದಿತ್ತು, ಹಗ್ಗಕ್ಕೆ ಸಿಕ್ಕಿಕೊಂಡಿತ್ತು. ಕೊಬ್ಬನ್ನು ಪರೀಕ್ಷಿಸಿದಾಗ ಪಿಸಿಬಿ ಎಂಬ, ಎಂದೋ ನಿಷೇಧಿಸಿದ ಕೈಗಾರಿಕಾ ರಾಸಾಯನಿಕ ವಿಪರೀತ ಪ್ರಮಾಣದಲ್ಲಿ ಸಿಕ್ಕಿತು. ಈಚಿನ ವರ್ಷಗಳಲ್ಲಿ ಕಾಣುತ್ತಿರುವುದು ಜಾನ್ ಕೋ ಮತ್ತು ಅಕ್ವೇರಿಯಸ್ ಎಂಬ ಎರಡು ಗಂಡುಗಳು ಮಾತ್ರ. ನಾವು ಅವನ್ನು ನೋಡಲಿಲ್ಲ. ಏಡಿ ಹಿಡಿಯುವ ಬುಟ್ಟಿಗಳ ತೇಲುಗುಂಡುಗಳನ್ನೂ ನಮ್ಮಿಂದ ಏಕೆ ಎಣಿಸುತ್ತಿದ್ದರೆಂದು ಆಗ ಅರ್ಥವಾಯಿತು: ಒಂದೊಂದು ಗುಂಡಿನ ಕೆಳಗೂ ಒಂದೊಂದು ಹಗ್ಗವಿದೆ.

ಹೋಗುವವರಿಗೆ ಉಪಯೋಗವಾಗುವ ಕೆಲವು ಮಾತು. ಕಡಲಬೇನೆಯ ಮಾತ್ರೆಯನ್ನು ವೈದ್ಯರನ್ನು ಕೇಳಿ ಹಿಂದಿನ ರಾತ್ರಿಯೇ ತೆಗೆದುಕೊಳ್ಳಿ; ಹೊಟ್ಟೆ ತೊಳಸಲು ಆರಂಭಿಸಿದ ಮೇಲೆ ಅದರಿಂದ ಪ್ರಯೋಜನವಿಲ್ಲ. ಒಳಗೆ ಮಲಗಬೇಡಿ, ಮೇಲೆ ಬಂದು ದಿಗಂತ ನೋಡಿ. ನನ್ನನ್ನು ಕಾಪಾಡಿದ್ದು ಮನೆಯಿಂದ ಒಯ್ದ ಕಡಕ ರೊಟ್ಟಿ. ಹಸಿದ ಹೊಟ್ಟೆಗೆ ಬೇನೆ ಹೆಚ್ಚು. ಒಣ ರೊಟ್ಟಿಯ ಚೂರು ಬಾಯಲ್ಲಿಟ್ಟುಕೊಂಡರೆ ತಡೆಯುತ್ತದೆ. ಅಡುಗೆ ಸರದಿಯ ಮೇಲೆ. ನನ್ನ ಸರದಿಗೆ ಎಣ್ಣೆಗಾಯಿ ಮಾಡಿ, ರೊಟ್ಟಿ ಮತ್ತು ಶೇಂಗಾ ಹಿಂಡಿಯೊಂದಿಗೆ ಬಡಿಸಿದೆ. ಶೇಂಗಾ ಕೆಲವರಿಗೆ ಪ್ರಾಣಕ್ಕೇ ಕುತ್ತಾಗುವುದರಿಂದ ಮೊದಲೇ ಎಲ್ಲರನ್ನೂ ಕೇಳಿಕೊಂಡಿದ್ದೆ. ಆಗಸ್ಟ್ ಎಂದು ನಂಬಿ ತೆಳು ಬಟ್ಟೆ ಒಯ್ಯಬೇಡಿ; ನಮ್ಮ ಡಿಸೆಂಬರ್ ಬೆಳಗಿನ ಚಳಿ ಅಲ್ಲಿ ನಡುಹಗಲಿಗೂ ಇರುತ್ತದೆ.

ಮರಳುವಾಗ ಸ್ಟಾಫಾ ದ್ವೀಪದ ಪಕ್ಕ ಹಾದೆವು. ಕೆತ್ತಿ ನಿಲ್ಲಿಸಿದಂತಿರುವ ಕಪ್ಪು ಕಲ್ಲಿನ ಕಂಬಗಳು. ಬಸಾಲ್ಟ್. ಆಳಂದದ ಕಡೆಯ ಹೊಲಗಳ ಕೆಳಗಿರುವುದೂ ಅದೇ ಜಾತಿಯ ಲಾವಾ ಕಲ್ಲು, ನಮ್ಮ ಎರೆಮಣ್ಣು ಹುಟ್ಟಿದ್ದು ಅದರಿಂದ. ಸ್ಟಾಫಾದ್ದು ಹೆಚ್ಚುಕಡಿಮೆ 6 ಕೋಟಿ ವರ್ಷದ್ದು, ನಮ್ಮದು ಇನ್ನಷ್ಟು ಹಳೆಯದು. ಊರಿನ ಕಲ್ಲನ್ನು ಅಲ್ಲಿ ಕಂಡು ಕಣ್ಣು ತುಂಬಿ ಬಂತು.

ನಮ್ಮ ಕಡಲಿನಲ್ಲೂ ತಿಮಿಂಗಿಲ, ಡಾಲ್ಫಿನ್‌ಗಳು ಇವೆಯೇ ಎಂದು ಮಕ್ಕಳು ಕೇಳುತ್ತಾರೆ. ಇವೆ. ಕಾರವಾರದ ಕಡೆ ದಂಡೆಯ ಹತ್ತಿರವೇ ಗೂನುಬೆನ್ನಿನ ಡಾಲ್ಫಿನ್‌ಗಳು ಕಾಣುತ್ತವೆ. ಅರಬ್ಬೀ ಸಮುದ್ರದ ಹಂಪ್‌ಬ್ಯಾಕ್ ತಿಮಿಂಗಿಲಗಳು ಬೇರೆಡೆಯ ತಮ್ಮ ಬಂಧುಗಳಂತೆ ಧ್ರುವದ ಕಡೆಗೆ ವಲಸೆ ಹೋಗದೆ ವರ್ಷವಿಡೀ ಇಲ್ಲೇ ಇರುತ್ತವೆ. ಒಮಾನ್ ಕರಾವಳಿಯಲ್ಲಿ ಅವು ನೂರಕ್ಕಿಂತ ಕಡಿಮೆ ಎಂದು ಅಂದಾಜು. ಇವೆಲ್ಲಕ್ಕೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ನೋಡಿ ಬರೆದಿಡುವವರು ಮಾತ್ರ ಬಹಳ ಕಡಿಮೆ.

ಬೋನಾಳದ ಎಣಿಕೆಯ ಹಾಳೆಯನ್ನು ನಾನು ಬದಲಿಸಿದೆ. ಮೊದಲು ಕಂಡ ಹಕ್ಕಿಗಳ ಹೆಸರು, ಸಂಖ್ಯೆ ಅಷ್ಟೇ ಇರುತ್ತಿತ್ತು. ಈಗ ಕುಳಿತ ಜಾಗ, ಎಷ್ಟು ಹೊತ್ತು, ಯಾವ ಕಡೆ ಮುಖ, ಗಾಳಿ, ಮಂಜು, ದೂರ ಎಲ್ಲಕ್ಕೂ ಕಲಂ ಇದೆ. ಕಳೆದ ಜನವರಿಯಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬ ಕೆರೆಯ ದಕ್ಷಿಣದ ಏರಿಯ ಮೇಲೆ ಎರಡು ಗಂಟೆ ಕುಳಿತು ಬಂದ. ಬಣ್ಣದ ಕೊಕ್ಕರೆ 11, ಪಟ್ಟೆತಲೆ ಹೆಬ್ಬಾತು 0, ಕೆಳಗೆ ಇನ್ನೂ ನಾಲ್ಕು ಸೊನ್ನೆ. "ಇದನ್ನೂ ಫೈಲಿಗೆ ಹಾಕಬೇಕೇ ಟೀಚರ್?" ಎಂದ. ಹಾಕಬೇಕು ಎಂದೆ. ಹೆಸರು, ಸಮಯ ಬರೆದು, ಪ್ರತಿ ಸೊನ್ನೆಯ ಮುಂದೆ ಸಹಿ ಮಾಡಿಸಿದೆ.