ಮಳೆಗಾಲದಲ್ಲಿ ಜೋಡಿಸಿ, ದೀಪಾವಳಿ ಕಳೆದ ಮೇಲೆ ಬಣ್ಣ ಬಳಿಯಿರಿ

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ, ಚಪಲ್ ಯುದ್ಧನೌಕೆಯ ಹತ್ತಿರ ನಿಂತಿರುವ ಟುಪೊಲೆವ್-142 ವಿಮಾನ ಕೂಡ ಒಂದು ಲೆಕ್ಕದಲ್ಲಿ ನಾವು ಮನೆಯಲ್ಲಿ ಬಿಡಿಭಾಗ ಜೋಡಿಸಿ ಕಟ್ಟುವ ಮಾದರಿಗಳಂಥ ಕಿಟ್ಟೇ. ತಮಿಳುನಾಡಿನ ಅರಕ್ಕೋಣಂನಿಂದ ಬಿಡಿಬಿಡಿಯಾಗಿ ರಸ್ತೆ ಮೇಲೆ ಬಂದು ಇಲ್ಲಿ ಜೋಡಣೆಯಾದದ್ದು. 1988ರಲ್ಲಿ ನಮ್ಮ ನೌಕಾಪಡೆ ಸೇರಿ, 2017ರ ಮಾರ್ಚ್ 29ರಂದು ನಿವೃತ್ತವಾದ ಜಾತಿಯ ವಿಮಾನ ಇದು. ಇದರ ಪ್ಲಾಸ್ಟಿಕ್ ಮಾದರಿ ಕಟ್ಟುವುದು ಮೊದಲ ಸಲದವರ ಕೆಲಸವಲ್ಲ. ಒಂದೆರಡು ಸಣ್ಣ ಫೈಟರ್ ಜೋಡಿಸಿ ಕೈ ಪಳಗಿರಬೇಕು.

ನಿಜ ವಿಮಾನದ ರೆಕ್ಕೆ ತುದಿಯಿಂದ ತುದಿಗೆ ಸುಮಾರು 50 ಮೀಟರ್. 1:72 ಅಳತೆಯದನ್ನು ತಂದರೆ 70 ಸೆಂ.ಮೀ. ಆಗಿ ಮನೆಯಲ್ಲಿ ಇಡಲು ಜಾಗ ಸಿಗದು. 1:144 ತನ್ನಿ, 35 ಸೆಂ.ಮೀ.ಗೆ ಮುಗಿಯುತ್ತದೆ.

ಬಿಡಿಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟುಗಳನ್ನು ಮೊದಲು ಸೋಪಿನ ನೀರಿನಲ್ಲಿ ತೊಳೆದು ಆರಿಸಿ. ಅಚ್ಚಿನ ಎಣ್ಣೆ ಉಳಿದರೆ ಬಣ್ಣ ಹಿಡಿಯುವುದಿಲ್ಲ. ಬಿಡಿಭಾಗಗಳನ್ನು ತಿರುಚಿ ಮುರಿಯಬೇಡಿ. ನೇಲ್ ಕಟರ್‌ನಿಂದ ತುಸು ದೂರದಲ್ಲೇ ಕತ್ತರಿಸಿ, ಉಳಿದ ಮೊಳಕೆಯನ್ನು ಬ್ಲೇಡಿನಿಂದ ಕೆರೆಯಿರಿ.

ಇನ್ನು ಮೂತಿಯ ಭಾರ. ಮೂತಿಗೆ ಗಾಲಿ ಇರುವ ಮಾದರಿ ಹಗುರಾದರೆ ಬಾಲದ ಮೇಲೆ ಕುಳಿತುಬಿಡುತ್ತದೆ. ಇದಕ್ಕೆ ನಮ್ಮೂರಲ್ಲಿ ಒಳ್ಳೆಯ ಉಪಾಯವಿದೆ: ಮೀನುಬಲೆಯ ಅಂಗಡಿಗೆ ಹೋಗಿ ಬಲೆಗೆ ಕಟ್ಟುವ ಸೀಸದ ಗುಂಡು ಕೇಳಿ. ಒಡಲಿನ ಎರಡು ಹೋಳುಗಳನ್ನು, ರೆಕ್ಕೆಗಳನ್ನು ಟೇಪಿನಿಂದ ಹಿಡಿಸಿ, ಹಿಂದಿನ ಗಾಲಿ ಬರುವ ಜಾಗದ ಕೆಳಗೆ ಪೆನ್ಸಿಲ್ ಇಟ್ಟು ತೂಗಿನೋಡಿ. ಮೂತಿ ತಗ್ಗುವವರೆಗೆ ಗುಂಡು ಹಾಕುತ್ತ ಹೋಗಿ, ಮತ್ತೆರಡು ಹೆಚ್ಚಿಗೆ ಹಾಕಿ. ಅಂಟಿಸಲು ಅರಾಲ್ಡೈಟ್ ಬೇಕು. ಬಿಳಿ ಮರದ ಗೋಂದು ಹಚ್ಚಿದರೆ ವರ್ಷಗಳು ಕಳೆದಂತೆ ಸೀಸ ಉಬ್ಬಿ ಮೂತಿ ಸೀಳಬಹುದು. ಸೀಸ ಮುಟ್ಟಿದ ಕೈ ತೊಳೆದುಕೊಳ್ಳಿ.

ಪ್ಲಾಸ್ಟಿಕ್ ಸಿಮೆಂಟ್ ಹೆಸರಿಗೆ ಅಂಟು. ಅದು ಮಾಡುವುದು ಪಾಲಿಸ್ಟೈರಿನನ್ನು ಕರಗಿಸಿ ಬೆಸೆಯುವ ಕೆಲಸ. ಹೋಳುಗಳನ್ನು ಕೂಡಿಸಿ ಹಿಡಿದು, ಸಂದಿಗೆ ಸಿಮೆಂಟ್ ಅದ್ದಿದ ಕುಂಚದ ತುದಿ ತಾಗಿಸಿದರೆ ಅದು ತಾನೇ ಒಳಗೆ ಓಡುತ್ತದೆ. ಎರಡು ದಿನ ಮುಟ್ಟಬೇಡಿ. ಆಮೇಲೆ ಪುಟ್ಟಿ, ನೀರು ಹಚ್ಚಿದ 400ರ ಸ್ಯಾಂಡ್ ಪೇಪರ್, ಕೊನೆಗೆ 1000ದ್ದು. ಉಜ್ಜುವಾಗ ಅಳಿಸಿಹೋದ, ವಿಮಾನದ ತಗಡುಗಳ ಕೂಡು ತೋರಿಸುವ ಗೆರೆಗಳನ್ನು ಹೊಲಿಗೆ ಸೂಜಿಯಿಂದ ಮತ್ತೆ ಕೊರೆಯಬೇಕು. ಈ ಕೊಳವೆಯಂಥ ಉದ್ದನೆಯ ಒಡಲಿನ ಸಂದಿ ಮುಚ್ಚುವುದರಲ್ಲೇ ಆಷಾಢ ಮುಗಿಯುತ್ತದೆ, ಮುಗಿಯಲಿ.

ನಿಜವಾಗಿ ಬೆವರಿಳಿಸುವುದು ಪ್ರೊಪೆಲ್ಲರ್. ನಾಲ್ಕು ಎಂಜಿನ್, ಒಂದೊಂದಕ್ಕೂ ಒಂದರ ಹಿಂದೊಂದು ಎರಡು ಚಕ್ರ, ಚಕ್ರಕ್ಕೆ ನಾಲ್ಕು ಅಲಗು. ಒಟ್ಟು 32. ಮುಂದಿನದೂ ಹಿಂದಿನದೂ ವಿರುದ್ಧ ದಿಕ್ಕಿಗೆ ತಿರುಗುವುದರಿಂದ ಅಲಗಿನ ಓರೆಯೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು. ಕತ್ತರಿಸುವ ಮೊದಲೇ ಗುರುತು ಹಾಕಿ, ಬೇರೆ ಬೇರೆ ಡಬ್ಬಿಯಲ್ಲಿಡಿ. ನಾನು ಹಾಗೆ ಮಾಡಲಿಲ್ಲ. ನನ್ನ ಮೊದಲ ಟುಪೊಲೆವ್‌ನ ಬಲಗಡೆಯ ಒಂದು ಎಂಜಿನ್ ಇವತ್ತಿಗೂ ತಾನು ಊದಿದ ಗಾಳಿಯನ್ನು ತಾನೇ ನುಂಗುತ್ತಿದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಣ್ಣದ ಡಬ್ಬಿ ತೆರೆಯಬೇಡಿ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ಪಸೆ ಅದರ ಮೇಲೆ ಕೂತು, ಲ್ಯಾಕರ್ ಬಣ್ಣ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ವಿಮಾನದ ಮೈಮೇಲಿನ ಗುರುತುಗಳಿಗೆಂದು ಕಿಟ್ಟಿನ ಜೊತೆ ಬರುವ ಸ್ಟಿಕ್ಕರ್ ಹಾಳೆಗೂ ಬೂಷ್ಟು ಬರುತ್ತದೆ. ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿಡಿ. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಪ್ರೈಮರ್, ಬಣ್ಣ, ಅದರ ಮೇಲೆ ಹೊಳಪಿನ ವಾರ್ನಿಶ್. ಹೊಳಪಿಲ್ಲದ ಒರಟು ಮೈಗೆ ಸ್ಟಿಕ್ಕರ್ ಅಂಟಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿಯಂತೆ ಮಿನುಗುತ್ತದೆ.

ಬಣ್ಣಕ್ಕೆ ವಿಮಾನ ಸೇವೆಯಲ್ಲಿದ್ದ ಕಾಲದ ಫೋಟೊಗಳನ್ನೇ ನಂಬಿ. ಗಾಲಿ, ಬಾಗಿಲು, ರೆಕ್ಕೆಯ ಇಳಿಜಾರು ತಿಳಿಯಲು ಮಾತ್ರ ಸಂಜೆ ಬೀಚಿಗೆ ಹೋಗಿ ಕೆಳಗಿನಿಂದ ನೋಡಿ ಬನ್ನಿ.

ಪ್ರೊಪೆಲ್ಲರ್ ಎಲ್ಲಕ್ಕಿಂತ ಕೊನೆಗೆ. ಅಂಟು ಬೇಡ, ಒತ್ತಿ ಕೂರಿಸಿ. ಧೂಳು ಒರೆಸುವಾಗ ಕಳಚಿಡಬಹುದು.