ಚಳಿಗಾಲದ ಮಂಕು ಬಿಡಿಸೋದು ಹೇಗೆ: ಬಿಸಿಲು ಕಾಯಿಸೋದಕ್ಕೂ ಒಂದು ಹೊತ್ತಿದೆ

ಧನುರ್ಮಾಸ ಶುರುವಾದ್ರೆ ಸಾಕು, ನಮ್ಮ ಬೀದೀಲಿ ಅರ್ಧ ಜನರ ಮುಖದಲ್ಲಿ ಕಳೆನೇ ಇರಲ್ಲ. ಬೆಳಗ್ಗೆ ಏಳಕ್ಕೆ ಮನಸ್ಸಿಲ್ಲ, ಮಧ್ಯಾಹ್ನ ತೂಕಡಿಕೆ, ಸಾಯಂಕಾಲ ಆದ್ರೆ ಏನೋ ಒಂಥರ ಬೇಜಾರು, ಅದಕ್ಕೊಂದು ಪ್ಲೇಟ್ ಬಜ್ಜಿ. ಕೇಳಿದ್ರೆ "ಬಿಸಿಲೇ ಇಲ್ವಲ್ರೀ" ಅಂತಾರೆ. ಇದೆ ಕಣ್ರೀ! ಡಿಸೆಂಬರ್ 21ರ ಹತ್ತಿರ ಬರೋ ಅತಿ ಚಿಕ್ಕ ಹಗಲು ಕೂಡ ಮೈಸೂರಲ್ಲಿ 11 ಗಂಟೆ 20 ನಿಮಿಷ ದಾಟುತ್ತೆ, ಜೂನ್ ತಿಂಗಳ ದೊಡ್ಡ ಹಗಲಿಗೂ ಅದಕ್ಕೂ ಒಂದೂವರೆ ಗಂಟೆ ವ್ಯತ್ಯಾಸ, ಅಷ್ಟೇ. ನಮ್ಮಕ್ಕನ ಮಗಳು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿದ್ದಾಳೆ, ಅಲ್ಲಿ ಆ ದಿನ ಸೂರ್ಯ ಎಂಟೂ ಮುಕ್ಕಾಲಿಗೆ ಹುಟ್ಟಿ ಮೂರೂ ಮುಕ್ಕಾಲಿಗೆಲ್ಲ ಮುಳುಗಿಹೋಗ್ತಾನೆ, ಅವಳು ಬಿಸಿಲಿಲ್ಲ ಅಂದ್ರೆ ನ್ಯಾಯ. 1984ರಲ್ಲಿ ಅಮೆರಿಕದ ಡಾಕ್ಟರ್ ನಾರ್ಮನ್ ರೋಸೆಂತಾಲ್ ಮತ್ತು ಜೊತೆಯವರು ಚಳಿಗಾಲದಲ್ಲಿ ಬೆಳಕು ಕಮ್ಮಿಯಾದಾಗ ಬರೋ ಖಿನ್ನತೆಗೆ ಸೀಸನಲ್ ಅಫೆಕ್ಟಿವ್ ಡಿಸಾರ್ಡರ್ ಅಂತ ಹೆಸರಿಟ್ಟಿದ್ದು ನಮಗಿಂತ ಎಷ್ಟೋ ಉತ್ತರಕ್ಕಿರೋ ಊರಿನ ರೋಗಿಗಳನ್ನ ನೋಡಿ. ನಮ್ಮ ಕಥೆ ಬೇರೆ, ಬಿಸಿಲು ಬಾಗಿಲಾಚೆ ಬಿದ್ದಿರುತ್ತೆ, ನಾವು ಒಳಗೆ ಟ್ಯೂಬ್‌ಲೈಟ್ ಹಾಕ್ಕೊಂಡು ಕೂತಿರ್ತೀವಿ.

ಮೊದಲನೇದು, ಒಂದು ವಾರ ದಿನಾ ಎಷ್ಟು ಹೊತ್ತು ಹೊರಗಿದ್ರಿ ಅಂತ ಬರ್ಕೊಳ್ಳಿ. ಕಾರು, ಬಸ್ಸು, ಮಂಡ್ಯದಿಂದ ಬೆಂಗಳೂರಿಗೆ ಹೋಗೋ ಬೆಳಗಿನ ರೈಲು, ಇವ್ಯಾವೂ ಹೊರಗಲ್ಲ.

ಎರಡನೇದು ಬೆಳಗಿನ ಬೆಳಕು. ಜನ ಕೆಡಿಸ್ಕೊಳ್ಳೋದು ಇಲ್ಲೇ, ಸ್ವಲ್ಪ ನಿಧಾನಕ್ಕೆ ಓದಿ.

ನಮ್ಮ ಪಕ್ಕದ ಮನೆ ಯಜಮಾನ್ರು ಐದೂವರೆಗೆ ಮಂಕಿ ಕ್ಯಾಪು, ಮಫ್ಲರು, ಸ್ವೆಟರ್ರು ಎಲ್ಲಾ ಏರಿಸ್ಕೊಂಡು ಕುಕ್ಕರಹಳ್ಳಿ ಕೆರೆಗೆ ಹೋಗ್ತಾರೆ, ಕತ್ತಲಲ್ಲೇ ರೌಂಡು ಹೊಡೆದು, ಸೂರ್ಯ ಕಣ್ಣು ಬಿಡೋ ಹೊತ್ತಿಗೆ ಮನೆಗೆ ಬಂದು ಕರ್ಟನ್ ಎಳೆದು ಪೇಪರ್ ಓದ್ತಾರೆ. ಆಂಟಿ ಇನ್ನೂ ಮೇಲು, ಐದಕ್ಕೆ ದೇವಸ್ಥಾನ, ಹುಗ್ಗಿ ಪ್ರಸಾದ ತಗೊಂಡು ಬಂದು ಮತ್ತೆ ರಗ್ಗು ಹೊದ್ದು ಒಂಬತ್ತರ ತನಕ ನಿದ್ದೆ. ಇಬ್ಬರೂ "ನಾವು ಬೇಗ ಏಳ್ತೀವಪ್ಪ, ಆದ್ರೂ ಯಾಕೋ ಉತ್ಸಾಹ ಇಲ್ಲ" ಅಂತ ನನ್ನ ಹತ್ರ ದೂರು.

ಬೇಗ ಏಳೋದಲ್ಲ ವಿಷಯ, ಎದ್ದ ಮೇಲೆ ಕಣ್ಣಿಗೆ ಬೆಳಕು ಬೀಳ್ಬೇಕು. ರೆಟಿನಾಗೆ ಬೆಳಕು ತಾಗಿದ್ರೆ ಅಲ್ಲಿಂದ ಮೆದುಳಿನ ಗಡಿಯಾರಕ್ಕೆ ಸುದ್ದಿ ಹೋಗುತ್ತೆ, ನಿದ್ದೆ ತರೋ ಮೆಲಟೋನಿನ್ ನಿಲ್ಲುತ್ತೆ, ಗಡಿಯಾರ ಸರಿಯಾದ ಟೈಮಿಗೆ ಸೆಟ್ ಆಗುತ್ತೆ, ರಾತ್ರಿ ನಿದ್ದೇನೂ ಹೊತ್ತಿಗೆ ಸರಿಯಾಗಿ ಬರುತ್ತೆ. ಇದಕ್ಕೆ ಮೈಗಿಂತ ಕಣ್ಣು ಮುಖ್ಯ, ಸ್ವೆಟರ್ ಹಾಕ್ಕೊಂಡಿದ್ರೂ ಪರವಾಗಿಲ್ಲ, ಕೂಲಿಂಗ್ ಗ್ಲಾಸ್ ಮಾತ್ರ ಬೇಡ. ಹಾಗಂತ ಸೂರ್ಯನ್ನೇ ದಿಟ್ಟಿಸಿ ನೋಡ್ಬೇಡಿ, ಆ ಚಟ ಇರೋರು ಒಬ್ಬರನ್ನ ನೋಡಿದ್ದೀನಿ, ಕಣ್ಣು ಹಾಳಾಗುತ್ತೆ. ಸುಮ್ನೆ ಪೂರ್ವದ ಕಡೆ ಅಡ್ಡಾಡಿ, ಗಿಡಕ್ಕೆ ನೀರು ಹಾಕಿ, ಅಷ್ಟೇ ಸಾಕು.

ಯಾವಾಗ? ಎದ್ದ ಒಂದು ಗಂಟೆಯೊಳಗೆ, ಅರ್ಧ ಗಂಟೆ. ಕತ್ತಲಿರುವಾಗಲೇ ಎದ್ದಿದ್ರೆ ಸೂರ್ಯ ಬರೋ ತನಕ ಕಾದು ಹೋಗಿ. ಡಿಸೆಂಬರ್ ಕೊನೇಲಿ ಇಲ್ಲಿ ಸೂರ್ಯ ಹುಟ್ಟೋದು ಆರೂ ನಲವತ್ತರ ಹತ್ತಿರ. ಸಂಕ್ರಾಂತಿ ಆಯ್ತಲ್ಲ, ಬೇಗ ಬೆಳಕಾಗುತ್ತೆ ಅಂದ್ಕೋತೀವಿ, ಹಾಗೇನಿಲ್ಲ, ಮೊದಲು ಉದ್ದ ಆಗೋದು ಸಾಯಂಕಾಲ, ಬೆಳಗಿನ ಕತ್ತಲು ಜನವರಿ ಕೊನೆವರೆಗೂ ಜಾಸ್ತಿನೇ ಆಗ್ತಾ ಹೋಗಿ ಸೂರ್ಯೋದಯ ಆರೂ ಮುಕ್ಕಾಲು ದಾಟಿರುತ್ತೆ. ಅದಕ್ಕೇ ವಾಕಿಂಗ್ ಏಳು ಗಂಟೆಗೆ ಅಂತ ಇಟ್ಕೊಳ್ಳಿ. "ಅಷ್ಟೊತ್ತಿಗೆ ಮಂಜು ಇರುತ್ತಲ್ಲ" ಅಂದ್ರೆ, ಇರಲಿ ಬಿಡಿ. ಮೊಬೈಲಲ್ಲಿ ಬೆಳಕು ಅಳೆಯೋ ಆ್ಯಪ್ ಹಾಕ್ಕೊಂಡು ನೋಡಿದ್ದೀನಿ, ಅದು ಕರಾರುವಾಕ್ ಅಲ್ಲ, ಆದ್ರೂ ಅಂದಾಜು ಸಿಗುತ್ತೆ: ನಮ್ಮ ಹಾಲಲ್ಲಿ ಎರಡು ಟ್ಯೂಬ್‌ಲೈಟ್ ಹಾಕಿದ್ರೂ 150 ಲಕ್ಸ್ (ಬೆಳಕಿನ ಅಳತೆ), ಅದೇ ಏಳೂವರೆಗೆ ಮಂಜು ಮುಚ್ಕೊಂಡಿದ್ದಾಗಲೇ ಕೆರೆ ಏರಿ ಮೇಲೆ ಐದು ಸಾವಿರದ ಮೇಲಿತ್ತು. ಕಿಟಕಿ ಹತ್ರ ಕೂತ್ರೆ ಆಗಲ್ವಾ ಅಂತ ಕೇಳೋರಿಗೆ, ಎರಡು ಹೆಜ್ಜೆ ಒಳಗೆ ಬಂದ್ರೆ ಬೆಳಕು ಎಷ್ಟು ಇಳಿಯುತ್ತೆ ಅಂತ ಅದೇ ಆ್ಯಪಲ್ಲಿ ನೋಡ್ಕೊಳ್ಳಿ.

ಲೈಟ್ ಬಾಕ್ಸ್ ಬಗ್ಗೆ ಒಂದು ಮಾತು. ಚಳಿ ದೇಶಗಳಲ್ಲಿ ಡಾಕ್ಟರು 10,000 ಲಕ್ಸ್ ದೀಪದ ಮುಂದೆ ಬೆಳಗ್ಗೆ ಅರ್ಧ ಗಂಟೆ ಕೂರಿಸ್ತಾರೆ, ನಮ್ಮಕ್ಕನ ಮಗಳೂ ಹಾಗೇ ಕೂರ್ತಾಳೆ, ಅವಳಿಗೆ ಅದು ಬೇಕು. ಅದನ್ನ ಕೇಳಿ ನಾನೂ ಆನ್‌ಲೈನಲ್ಲಿ ಒಂಬೈನೂರು ರೂಪಾಯಿದೊಂದು ತರಿಸ್ದೆ, ಡಬ್ಬದ ಮೇಲೆ ಹತ್ತು ಸಾವಿರ ಅಂತ ದಪ್ಪಕ್ಷರದಲ್ಲಿತ್ತು, ಮೂಗು ತಾಗಿಸಿ ಹಿಡಿದ್ರೆ ಇರಬಹುದೇನೋ, ಒಂದು ಮೊಳ ದೂರಕ್ಕೆ ಏಳುನೂರಕ್ಕೆ ಇಳೀತು. ಈಗ ಅದು ದೇವರ ಮನೆ ಪಕ್ಕ ಧೂಳು ತಿಂತಿದೆ. ನಮ್ಮೂರಲ್ಲಿ ಇದಕ್ಕೆ ದುಡ್ಡು ಹಾಕ್ಬೇಡಿ. ಬೈಪೋಲಾರ್ (ಒಮ್ಮೆ ಅತಿ ಉತ್ಸಾಹ, ಒಮ್ಮೆ ಖಿನ್ನತೆ ಬರೋ ಕಾಯಿಲೆ) ಇರೋರು, ಕಣ್ಣಿನ ತೊಂದರೆ ಇರೋರಂತೂ ಡಾಕ್ಟರನ್ನ ಕೇಳದೆ ಅದರ ಹತ್ರಾನೂ ಹೋಗ್ಬಾರ್ದು.

ಮೂರನೇದು ವಿಟಮಿನ್ ಡಿ, ಇದು ಬೇರೆ ಲೆಕ್ಕ, ಎರಡನ್ನೂ ಕಲಸ್ಬೇಡಿ. ಎಳೆಬಿಸಿಲಲ್ಲಿ ಡಿ ಸಿಗೋದು ಅಷ್ಟಕ್ಕಷ್ಟೇ, ಅದಕ್ಕೆ ಬೇಕಾದ ಯುವಿಬಿ ಅನ್ನೋ ಅತಿನೇರಳೆ ಕಿರಣ ಸೂರ್ಯ ಮೇಲೆ ಬಂದಾಗಲೇ ಜಾಸ್ತಿ. ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡ ಇದ್ರೆ ಅದೇ ಹೊತ್ತು, ಡಿಸೆಂಬರಲ್ಲಿ ಇಲ್ಲಿ ಹತ್ತೂವರೆಯಿಂದ ಎರಡರವರೆಗೆ. ಗಾಜಿನ ಹಿಂದೆ ಕೂತ್ರೆ ಬಿಸಿ ತಾಗುತ್ತೆ, ಯುವಿಬಿ ಬರಲ್ಲ. ಊಟಕ್ಕೆ ಮುಂಚೆ ತೋಳು ಮಡಚ್ಕೊಂಡು ಹದಿನೈದು ಇಪ್ಪತ್ತು ನಿಮಿಷ ಟೆರೇಸಿಗೆ ಹೋಗಿ, ಚರ್ಮ ಕೆಂಪಾಗೋ ತನಕ ಕಾಯ್ಬೇಡಿ. 60,000 ಯೂನಿಟ್ ಕ್ಯಾಪ್ಸೂಲ್ ಮೆಡಿಕಲ್ ಶಾಪಲ್ಲಿ ಕೇಳಿ ತಗೊಂಡು ವರ್ಷಗಟ್ಟಲೆ ನುಂಗ್ತಾ ಇರ್ತಾರಲ್ಲ, ಅದು ತಪ್ಪು, ಜಾಸ್ತಿ ಆದ್ರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಹೊಡೆತ. ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರ್ ಹೇಳಿದಷ್ಟು ದಿನ ತಗೊಳ್ಳಿ.

ನಾಲ್ಕನೇದು, ರಾತ್ರಿ ಒಂಬತ್ತರ ಮೇಲೆ ದೊಡ್ಡ ಲೈಟು ಆರಿಸಿ, ಮಧ್ಯಾಹ್ನ ಮೂರರ ಮೇಲೆ ಕಾಫಿ ಬೇಡ. ಕಾಫಿ ವಿಷಯದಲ್ಲಿ ನನ್ನ ಮಾತು ಮನೇಲೇ ಯಾರೂ ಕೇಳಲ್ಲ.

ಇಷ್ಟು ಮಾಡಿಯೂ ಎರಡು ವಾರ ದಾಟಿದ ಮೇಲೂ ದಿನವಿಡೀ ಮಂಕು, ಊಟ ಸೇರಲ್ಲ, ನಿದ್ದೆ ಬರಲ್ಲ, ಯಾವುದರಲ್ಲೂ ಆಸೆ ಇಲ್ಲ ಅಂದ್ರೆ ಅದನ್ನ ಚಳಿ ತಲೆಗೆ ಕಟ್ಬೇಡಿ, ಡಾಕ್ಟರ್ ಹತ್ರ ಹೋಗಿ. ಬದುಕೇ ಬೇಡ ಅನ್ಸಿದ್ರೆ ಎರಡು ವಾರ ಕಾಯೋದೂ ಬೇಡ, ಆಗಲೇ ಮನೆಯವರಿಗೆ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿದ್ರೆ ಟೆಲಿ ಮಾನಸ್‌ನೋರು ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ, ಹೊತ್ತಿಲ್ಲ ಗೊತ್ತಿಲ್ಲ, ಯಾವಾಗ ಬೇಕಾದ್ರೂ ಮಾಡಿ.

ಇನ್ನು ಸುಮ್ನೆ ಅರ್ಧ ಗಂಟೆ ಹೊರಗೆ ನಿಂತು ಏನ್ಮಾಡ್ಲಿ ಅನ್ನೋರಿಗೆ ಮಂಡ್ಯದ ನಮ್ಮ ಚಿಕ್ಕಮ್ಮನ ದಾರಿ ಹೇಳ್ತೀನಿ. ಅವರು ರಾತ್ರಿನೇ ಅವರೆಕಾಳು ನೆನೆಹಾಕಿ, ಬೆಳಗ್ಗೆ ಬೋಗುಣಿ ಎತ್ಕೊಂಡು ಜಗಲಿ ಮೇಲೆ ಬಿಸಿಲಿಗೆ ಕೂತ್ರೆ ಹಿದುಕಿದ ಬೇಳೆ ಮುಗಿಯೋ ತನಕ ಏಳಲ್ಲ. ಹೆಬ್ಬೆರಳಲ್ಲಿ ಒತ್ತಿದ ತಕ್ಷಣ ಬೇಳೆ ಪುಳಕ್ ಅಂತ ಬೋಗುಣಿಗೆ, ಸಿಪ್ಪೆ ಪಕ್ಕಕ್ಕೆ, ಒಂದು ಕೆಜಿಗೆ ಮುಕ್ಕಾಲು ಗಂಟೆ ಗ್ಯಾರಂಟಿ. "ಒಳೀಕ್ ಯಾಕ್ಲಾ ಕೂತಿದ್ದೀಯ, ಬಾ ಇಲ್ಲಿ, ನೀನೂ ಒಂದ್ ಹಿಡಿ ಇದುಕು" ಅಂತ ಕರೀತಾರೆ. ಅಂಗಡೀಲಿ ಹಿದುಕಿದ್ದೇ ಪ್ಯಾಕೆಟಲ್ಲಿ ಸಿಗುತ್ತೆ ಈಗ, ತರ್ಬೇಡಿ, ಅದರಲ್ಲಿ ಸೊಗಡೂ ಇರಲ್ಲ.